ಕಾಳಿ ಹೊಡೀಲೇನ್ರಿ, ಚಾಚಾ?

ನನ್ನ ಗಂಡ ಸೋಲಲಿ ಎಂದು ಆವತ್ತು ಬೆಳಿಗ್ಗೆ ನಾನು ಬುದ್ಧನ ಫೋಟೋ ಮುಂದೆ ಮೇಣಬತ್ತಿ ಹಚ್ಚಿದ್ದು ನಿಜ. ಬುದ್ಧ ಬೇಡಿದ್ದು ಕೊಡುವ ದೇವರಲ್ಲ ಎಂದು ಮಗಳು ಮನೀಷಾ ಸಾವಿರ ಸಲ ಹೇಳಿದ್ದಾಳೆ. ಕೊಡದಿದ್ದರೆ ಬಿಡಲಿ, ಕೇಳಿದರೆ ನನ್ನ ಗಂಟೇನು ಹೋಗುತ್ತದೆ? ಕಣ್ಣು ಮುಚ್ಚಿ ಕೇಳಿಯೇಬಿಟ್ಟೆ. ಇವರು ಇವತ್ತು ಹುಮನಾಬಾದದಲ್ಲಿ ಸೋಲಲಿ, ಆ ಕೋಲನ್ನು ಅಟ್ಟದ ಮೇಲೆ ಹಾಕಲಿ, ನನ್ನ ಜೀವಕ್ಕೆ ನೆಮ್ಮದಿ ಸಿಗಲಿ.

ಇವರು ಹಿಂದಿನಿಂದ ಬಂದು, "ಏನ್ ಬೇಡ್ಕೊಳ್ಳಾಕತ್ತಿ?" ಎಂದರು.

"ನಿಮ್ಮ ಒಳ್ಳೇದಕ್ಕರಿ," ಎಂದೆ. ಅದೇನೂ ಸುಳ್ಳಲ್ಲ.

ಇವರೆಂದರೆ ಮಚ್ಚೇಂದ್ರ. ಬಸವಕಲ್ಯಾಣದಲ್ಲಿ ಈ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಚಾಂಪಿಯನ್ ಮನೆ ಎಲ್ಲಿ ಎಂದು ಕೇಳಿ ನೋಡಿ, ಕೈಹಿಡಿದು ಕರೆತಂದು ಬಿಡುತ್ತಾರೆ. ನಮ್ಮದು ಸುಟ್ಟುಹೋದ ನೀರಿನ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ. ಬೋರ್ಡಿನ ಮೇಲೆ ಕೆಂಪು ಅಕ್ಷರದಲ್ಲಿ 'ಚಾಂಪಿಯನ್ ಮೋಟಾರ್ ವೈಂಡಿಂಗ್' ಎಂದು ಬರೆದಿದೆ. ಆದರೆ ಇವರು ಚಾಂಪಿಯನ್ ಆದದ್ದು ಪೂಲ್ ಆಟದಲ್ಲಿ. ಹಸಿರು ಬಟ್ಟೆ ಹೊದಿಸಿದ ದೊಡ್ಡ ಟೇಬಲ್ಲು, ಅಂಚಿನಲ್ಲಿ ಕುಣಿಗಳು, ಕೈಯಲ್ಲೊಂದು ಕೋಲು, ಕೋಲಿನಿಂದ ಹೊಡೆಯಲು ಒಂದು ಬಿಳಿ ಬಾಲು. ಬಣ್ಣದ ಬಾಲುಗಳಲ್ಲಿ ಅರ್ಧ ನಿನ್ನವು, ಅರ್ಧ ನನ್ನವು. ನನ್ನವನ್ನೆಲ್ಲ ಕುಣಿಗೆ ಕೆಡವಿದ ಮೇಲೆ ನಾನು ಹೊಡೆಯಬೇಕಾದದ್ದು ಒಂದೇ ಒಂದು ಕಪ್ಪು ಬಾಲು. ಅದಕ್ಕೆ ನಮ್ಮ ಕಡೆ ಕಾಳಿ ಅನ್ನುತ್ತಾರೆ. ಕಾಳಿ ಕೆಡವಿದವರು ಗೆದ್ದರು. ಇಷ್ಟೇ ಆಟ. ಇಷ್ಟಕ್ಕಾಗಿ ಈ ಮನುಷ್ಯ ಮದುವೆಯಾದಾಗಿನಿಂದ ನನ್ನ ಭಾನುವಾರಗಳನ್ನೆಲ್ಲ ತಿಂದುಹಾಕಿದ್ದಾರೆ.

ಇವರಿಗೆ ಆಟ ಕಲಿಸಿದವರು ಹುಮನಾಬಾದದ ಬದ್ರುದ್ದೀನ್ ಉಸ್ತಾದರು. ಅಲ್ಲಿಯ ಬಸ್ ಸ್ಟ್ಯಾಂಡಿನ ಹಿಂದೆ ಅವರ ಹಾಲ್ ಇದೆ. ಪ್ರತಿವರ್ಷ ಜೋಳದ ರಾಶಿ ಮುಗಿದ ಮೇಲೆ ಅಲ್ಲಿ ಪಂದ್ಯ ನಡೆಯುತ್ತದೆ. ಹಿಂದಿನ ವರ್ಷ ಗೆದ್ದವರು ನೇರ ಫೈನಲ್ ಆಡುತ್ತಾರೆ. ಉಸ್ತಾದರು ಒಂದು ರಿವಾಜು ಮಾಡಿದ್ದರು. ಎದುರಿಗೆ ಹಿರಿಯರಿದ್ದರೆ, ಕಿರಿಯರು ಕಾಳಿ ಹೊಡೆಯುವ ಮುಂಚೆ ಕೋಲು ಇಳಿಸಿ ನಿಂತು "ಹೊಡೀಲೇನ್ರಿ?" ಎಂದು ಕೇಳಬೇಕು. ಹಿರಿಯರು "ಹೊಡಿ" ಅಂದಮೇಲೇ ಹೊಡೆಯಬೇಕು. ಬೀದರ, ಕಲಬುರಗಿಯಿಂದ ಬಂದ ಆಟಗಾರರು ಇದನ್ನು ನೋಡಿ ನಗುತ್ತಾರೆ. ನಗಲಿ, ನಮ್ಮವರು ಬಿಟ್ಟಿಲ್ಲ. ಉಸ್ತಾದರು ತೀರಿಕೊಂಡ ಮೇಲೆ ಹಾಲ್ ನಡೆಸುತ್ತಿರುವವಳು ಅವರ ಮೊಮ್ಮಗಳು ಗಜಾಲಾ. ದಾದಾನ ಕೋಲು ಹಿಡಿದೇ ಆಡುತ್ತಾಳೆ. ಈ ಸಲ ಎಲ್ಲರನ್ನೂ ಸೋಲಿಸಿ ಫೈನಲ್ಲಿನಲ್ಲಿ ಇವರ ಎದುರಿಗೆ ನಿಂತವಳೂ ಅವಳೇ.

ನಾನೇಕೆ ಗಂಡ ಸೋಲಲಿ ಎಂದು ಬೇಡಿಕೊಂಡೆ ಎಂದು ಕೇಳುತ್ತೀರಿ. ಹೋದ ವರ್ಷ ಇವರು ಗೆದ್ದು ಹೊರಗೆ ಬರುವಾಗ ಆ ಹಾಲಿನ ಮೆಟ್ಟಿಲ ಮೇಲೆ ಮುಗ್ಗರಿಸಿ ಬಿದ್ದು ಹಣೆ ಒಡೆದುಕೊಂಡರು. ಕೊರಳಲ್ಲಿ ಹೂವಿನ ಹಾರ, ಮುಖದ ತುಂಬ ರಕ್ತ. ಹುಡುಗರು ಹಾಗೇ ಮನೆಗೆ ಕರೆತಂದರು. ನನ್ನ ಎದೆ ಧಸಕ್ ಅಂದಿದ್ದು ಇನ್ನೂ ಸರಿಹೋಗಿಲ್ಲ. ಅರವತ್ತು ದಾಟಿದ ಮನುಷ್ಯ, ತಾಸುಗಟ್ಟಲೆ ಬಗ್ಗಿ ಎದ್ದು, ಬಗ್ಗಿ ಎದ್ದು, ತಲೆ ತಿರುಗದೆ ಏನು ಮಾಡೀತು? ಹಣೆಯ ಹೊಲಿಗೆ ಬಿಚ್ಚಿಸಿಕೊಂಡು ಬಂದ ದಿನವೇ ಕೇಳಿದೆ.

"ಸಾಕು ಬಿಡ್ರಿ ಇನ್ನ. ಎಷ್ಟ್ ಆಡ್ತೀರಿ?"

"ಗೆದ್ದಾವ ಹ್ಯಾಂಗ ಬಿಡ್ತಾನ? ಸೋತ್ರ ಬಿಡ್ತೀನಿ."

"ಸೋತ್ರ ಖರೇನ ಬಿಡ್ತೀರಿ?"

"ಬಿಡ್ತೀನಂದ್ರ ಬಿಡ್ತೀನಿ. ಸೋಲಸೋರ್ನ ಹುಡುಕ್ಕೊಂಬಾ," ಎಂದು ನಕ್ಕರು. ಆ ನಗು ನೋಡಿ ನನಗೆ ಮೈಯೆಲ್ಲ ಉರಿಯಿತು.

ಊರಿನ ಚಹಾದಂಗಡಿಗಳಲ್ಲೂ ಇದರದ್ದೇ ಎರಡು ಪಾರ್ಟಿ. ಹೆಸರಿರುವಾಗಲೇ ಬಿಡುವುದು ಚೆಂದ ಎಂದು ಕೆಲವರು. ಮೊಬೈಲ್ ಅಂಗಡಿಯ ಶೈಲೇಶನಂಥವರು, ಕೈಯಲ್ಲಿ ಆಟ ಇರುವ ತನಕ ಆಡಲಿ, ಊರಿನ ಮಾನ ಇದೆ ಎಂದು. ಊರಿನ ಮಾನಕ್ಕೆ ನನ್ನ ಗಂಡನ ಹಣೆ ಯಾಕೆ ಬೇಕೋ ನಾನರಿಯೆ!

ಅಷ್ಟರಲ್ಲಿ ಇನ್ನೊಂದು ಸುದ್ದಿ ಹಬ್ಬಿತ್ತು. ಭಾನುವಾರದ ಆಟಗಳಲ್ಲಿ ಇವರು ಸುಲಭದ ಕಾಳಿಗಳನ್ನೆಲ್ಲ ತಪ್ಪಿಸುತ್ತಿದ್ದರಂತೆ. "ಚಾಂಪಿಯನ್ ಬೇಕಂತನ ಬಿಡ್ತಾರ, ಹುಡುಗರಿಗಿ ಚಾನ್ಸ್ ಕೊಡ್ತಾರ, ದೊಡ್ಡ ಮನಸ್ಸು," ಎಂದು ಶೈಲೇಶ ನನ್ನ ಮುಂದೆಯೇ ಹೇಳಿದ. ಇವರು ಸುಮ್ಮನೆ ನಗುತ್ತಿದ್ದರು. ನನಗೂ ಒಳಗೊಳಗೆ ಹೆಮ್ಮೆ. ಮನೆಯಲ್ಲಿ ಮಾತ್ರ ಆ ದೊಡ್ಡ ಮನಸ್ಸು ಎಲ್ಲಿ ಹೋಗುತ್ತಿತ್ತೋ. ತಂತಿಯ ಸುರುಳಿ ಬಂದರೆ ಸಾಕು, "ದ್ರೌಪತಿ, ಇದರ ಮ್ಯಾಲ ಎಷ್ಟರ ನಂಬರ್ ಅದ, ಓದು" ಎಂದು ಕೂಗುತ್ತಿದ್ದರು. ನಾನು ಹಿಟ್ಟಿನ ಕೈಯಲ್ಲೇ ಎದ್ದು ಬಂದು, "ನಿಮಗೇನ್ ಕಣ್ಣಿಲ್ಲೇನ್ರಿ?" ಎಂದು ರೇಗಿ ಓದಿ ಹೇಳುತ್ತಿದ್ದೆ. ಇವರು ತಂತಿ ಸುತ್ತುತ್ತ ಕೂರುತ್ತಿದ್ದರು. ಆ ಕೆಲಸಕ್ಕೆ ಇವರ ಬೆರಳುಗಳೇ ಸಾಕು.

ಪಂದ್ಯದ ದಿನ ನಾನೂ ಬರುತ್ತೇನೆ ಎಂದು ಹಟ ಹಿಡಿದು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಇವರು ಕೋಲಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಹುಮನಾಬಾದದಲ್ಲಿ ಇಳಿಯುವಾಗ ನನ್ನ ಹೆಗಲು ಹಿಡಿದುಕೊಂಡರು. ಜನರ ಮುಂದೆ ಎಂದೂ ನನ್ನನ್ನು ಮುಟ್ಟಿದವರಲ್ಲ. ಪಾಪ, ಸೋಲುವ ಹೆದರಿಕೆ ಇರಬೇಕು ಅಂದುಕೊಂಡೆ. ಬೆಳಗಿನ ಮೇಣಬತ್ತಿ ನೆನಪಾಗಿ ಒಂಥರಾ ಆಯಿತು.

ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಜಾಲಾ ಗುಂಪು ಸರಿಸಿಕೊಂಡು ಬಂದು, "ಚಾಚಿ, ಬರ್ರಿ ಬರ್ರಿ, ಇಲ್ಲಿ ಮುಂದ ಕುಂಡ್ರಿ," ಎಂದು ತನ್ನ ಕುರ್ಚಿಯನ್ನೇ ಕೊಟ್ಟಳು. ಚಹಾ ತರಿಸಿದಳು. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕೋಲಿನ ತುದಿಗೆ ಚಾಕ್ ಹಚ್ಚುತ್ತ ನಿಂತ ಆ ಹುಡುಗಿಯನ್ನು ನೋಡಿ, ನೀನೇ ಗೆಲ್ಲು ತಾಯಿ, ಎಂದು ಮನಸ್ಸಿನಲ್ಲೇ ಅಂದೆ.

ಆಟ ಸಮಸಮ ನಡೆಯಿತು. ಒಂದು ಇವರು ಗೆದ್ದರೆ ಒಂದು ಅವಳು. ಕೊನೆಯ ಆಟಕ್ಕೆ ಬಂದಾಗ ಹಾಲಿನಲ್ಲಿ ಫ್ಯಾನಿನ ಸಪ್ಪಳ ಬಿಟ್ಟರೆ ಬೇರೆ ಇಲ್ಲ. ಇವರು ತಮ್ಮ ಬಣ್ಣದ ಬಾಲುಗಳನ್ನು ಒಂದರ ಹಿಂದೊಂದು ಕೆಡವಿದರು. ಎಷ್ಟು ಚೆಂದ ಆಡುತ್ತಾರೆ ಎಂದು ನಾನು ಮೊದಲ ಸಲ ಕಂಡೆ. ಇಷ್ಟು ವರ್ಷ ಬೈದದ್ದೇ ಬಂತು, ಒಂದು ದಿನ ಬಂದು ನೋಡಿರಲಿಲ್ಲ. ಈಗ ಉಳಿದದ್ದು ಕಾಳಿ ಒಂದೇ. ಅದೂ ಕುಣಿಯ ಬಾಯಲ್ಲೇ ನಿಂತಿತ್ತು. ನಾನು ಲಟ್ಟಣಿಗೆಯಿಂದ ತಳ್ಳಿದರೂ ಬೀಳುತ್ತಿತ್ತು.

ಇವರು ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಹೊಡೆದರು. ಬಿಳಿ ಬಾಲು ಕಾಳಿಯ ಪಕ್ಕದಲ್ಲಿ ಹಾಯ್ದು ಹೋಯಿತು, ತಾಗಲೂ ಇಲ್ಲ.

ಹಾಲ್ ತುಂಬ ಉಸಿರು ಬಿಟ್ಟ ಸಪ್ಪಳ. ನನಗಂತೂ ಕುಣಿಯುವಷ್ಟು ಖುಷಿ. ಗಜಾಲಾ ತನಗುಳಿದಿದ್ದ ಬಣ್ಣದ ಬಾಲುಗಳನ್ನು ಕೆಡವಿ ಕಾಳಿಗೆ ಬಂದಳು. ಕೋಲು ಇಳಿಸಿ ನೆಟ್ಟಗೆ ನಿಂತಳು.

"ಕಾಳಿ ಹೊಡೀಲೇನ್ರಿ, ಚಾಚಾ?"

"ಹೊಡಿ."

ಅವಳು ಹೊಡೆದದ್ದು ಬೇರೆಲ್ಲಿಗೋ ಹೋಯಿತು. ಆಗತಾನೇ ಟೇಬಲ್ಲಿನ ಆ ತುದಿಯಿಂದ ಈ ತುದಿಗೆ ಬಾಲು ಕೆಡವಿದ ಹುಡುಗಿ, ಗೇಣು ದೂರದ ಕಾಳಿ ತಪ್ಪಿಸಿದಳು. ಇವರು ಮತ್ತೆ ಬಗ್ಗಿದರು, ಮತ್ತೆ ತಪ್ಪಿಸಿದರು. ಅವಳು ಮತ್ತೆ ಕೇಳಿದಳು, ಇವರು ಮತ್ತೆ "ಹೊಡಿ" ಅಂದರು, ಅವಳು ಮತ್ತೆ ತಪ್ಪಿಸಿದಳು. ಮದುವೆ ಪಂಕ್ತಿಯಲ್ಲಿ ನೀವು ಮೊದಲು ಕೂಡ್ರಿ, ಇಲ್ಲ ನೀವೇ ಮೊದಲು ಎಂದು ನಿಂತೇ ಇರುತ್ತಾರಲ್ಲ, ಹಾಗೆ. ಕಾಳಿ ಪಾಪ ಕುಣಿಯ ಬಾಯಲ್ಲಿ ಕಾಯುತ್ತ ನಿಂತಿತ್ತು.

ಆಗ ನನಗೆ ಹೊಳೆಯಿತು, ಅಥವಾ ಹೊಳೆಯಿತು ಎಂದುಕೊಂಡೆ. ಇವರು ನನಗೆ ಕೊಟ್ಟ ಮಾತಿಗಾಗಿ ಬೇಕೆಂದೇ ಸೋಲುತ್ತಿದ್ದಾರೆ! ಬೇಡಿಕೊಂಡವಳು ನಾನೇ, ಒಪ್ಪುತ್ತೇನೆ. ಆದರೆ ಸೋಲು ಬೇಡಿದ್ದೆ, ಇಂಥ ನಾಟಕ ಬೇಡಿರಲಿಲ್ಲ. ಇಷ್ಟು ವರ್ಷ ಆಡಿದ ಮನುಷ್ಯ ನನ್ನ ಕಾಟಕ್ಕೆ ಹೆದರಿ, ಊರ ಮುಂದೆ ಕೈಯಲ್ಲಿದ್ದ ಆಟ ಕೆಳಗೆ ಬಿಸಾಡುವುದೇ? ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

"ಏನ್ರಿ! ಆಟ ಆಡಾಕ ಬಂದೀರೋ, ಉಪಚಾರ ಮಾಡಾಕ ಬಂದೀರೋ? ಆಡೂದಿದ್ರ ನೆಟ್ಟಗ ಆಡ್ರಿ, ಇಲ್ಲಂದ್ರ ಏಳ್ರಿ, ಬಸ್ ಹೋಗ್ತದ! ಗಜಾಲಾ, ನಿನಗೂ ಹೇಳಾಕತ್ತೀನಿ!"

ಹಾಲ್ ಗೊಳ್ಳೆಂದು ನಕ್ಕಿತು. ಗಜಾಲಾಳ ಮುಖ ಕೆಂಪಾಯಿತು. "ಚಾಚಿ, ಚಾಚಾ ಬೇಕಂತನ ಬಿಡಾಕತ್ತಾರರಿ. ನನಗ ಚಾನ್ಸ್ ಕೊಡಾಕತ್ತಾರ. ಅವರು ಬಿಟ್ಟ ಕಾಳಿ ನಾ ಹ್ಯಾಂಗ ಹೊಡೀಲಿ? ದಾದಾ ಇದ್ದಿದ್ರ ಬೈತಿದ್ರು," ಎಂದಳು.

ಹಿಂದಿನಿಂದ ಶೈಲೇಶ ಕೂಗಿದ, "ವಾಹ್ ಚಾಂಪಿಯನ್! ದಿಲ್ ಅಂದ್ರ ಇದು ನೋಡ್ರಿ!" ಚಪ್ಪಾಳೆ ಶುರುವಾಯಿತು. ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ಇವರು ಕೋಲು ಹಿಡಿದು ನಡುವೆ ನಿಂತಿದ್ದರು. ಆ ಮುಖ ನೋಡಿದೆ. ಮದುವೆಯಾದ ಹೊಸತರಲ್ಲಿ ಒಂದು ಸಲ ಯಾರದೋ ಮೋಟಾರು ಇವರ ಕೈಯಲ್ಲಿ ಸುಟ್ಟಾಗ ಹೀಗೇ ಆಗಿತ್ತು ಈ ಮುಖ. ಕೋಲನ್ನು ಮೆಲ್ಲಗೆ ಟೇಬಲ್ಲಿನ ಮೇಲೆ ಮಲಗಿಸಿದರು.

"ಸುಮ್ನಾಗ್ರಪ್ಪ," ಎಂದರು. "ದಿಲ್ ಇಲ್ಲ, ಗಿಲ್ ಇಲ್ಲ. ನನಗ ಕಾಣವಲ್ದು."

ಚಪ್ಪಾಳೆ ನಿಂತಿತು.

"ಕೆಂಪು, ಹಳದಿ ಸೊಲ್ಪ ಹೊಳೀತಾವ. ಕಾಳಿ ಒಮ್ಮೆ ಎರಡ ಕಾಣ್ತಾವ, ಒಮ್ಮೆ ಒಂದೂ ಇಲ್ಲ. ಒಂದ್ ವರ್ಷ ಆತು. ನೀವು ದೊಡ್ಡ ಮನಸ್ಸು ಅಂದ್ರಿ, ನಾ ಹೌದ ಅಂದೆ. ಗಜಾಲಾ, ನಾ ಯಾವ ಚಾನ್ಸೂ ಕೊಟ್ಟಿಲ್ಲ ಬೇಟಿ. ಹೊಡದೀನಿ, ಬಿದ್ದಿಲ್ಲ."

ತಂತಿಯ ನಂಬರು, ಬಸ್ಸಿನಲ್ಲಿ ಹಿಡಿದ ಹೆಗಲು, ಹೋದ ವರ್ಷದ ಮೆಟ್ಟಿಲು, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂತು. ತಲೆ ತಿರುಗಿ ಬಿದ್ದದ್ದಲ್ಲ, ಮೆಟ್ಟಿಲು ಕಾಣದೆ ಬಿದ್ದದ್ದು. ನಾನು, ಇವರ ಹೆಂಡತಿ, ಒಂದು ವರ್ಷ ಪಕ್ಕದಲ್ಲೇ ಇದ್ದು ನಿಮಗೇನು ಕಣ್ಣಿಲ್ಲವೇ ಎಂದು ರೇಗುತ್ತಿದ್ದೆ.

ಗಜಾಲಾ ಅಳುತ್ತಿದ್ದಳು. "ನಾ ಹೊಡಿಯಂಗಿಲ್ಲರಿ ಚಾಚಾ. ಕಣ್ಣ ತೋರಿಸ್ಕೊಂಡ್ ಬರ್ರಿ, ಆಮ್ಯಾಲ ಆಡೂಣು."

"ಹಂಗಲ್ಲ ಬೇಟಿ. ಇವತ್ತಿನ ಆಟ ಇವತ್ತ ಮುಗೀಬೇಕು. ಕೇಳು, ನಿಮ್ಮ ದಾದಾ ಹೇಳಿದಂಗ ಕೇಳು."

ಅವಳು ದುಪಟ್ಟಾದ ತುದಿಯಿಂದ ಮುಖ ಒರೆಸಿಕೊಂಡಳು. ಕೋಲು ಇಳಿಸಿ ನಿಂತಳು. "ಕಾಳಿ ಹೊಡೀಲೇನ್ರಿ, ಚಾಚಾ?"

"ಹೊಡಿ. ಜೋರಾಗಿ ಹೊಡಿ. ಕಾಣಂಗಂತೂ ಇಲ್ಲ, ಸಪ್ಪಳರೆ ಕೇಳಲಿ."

ಠಕ್ ಎಂದಿತು. ಕುಣಿಯೊಳಗೆ ಬಿದ್ದು ಉರುಳಿದ ಸಪ್ಪಳ ಹಾಲಿನ ಕೊನೆಯ ತನಕ ಕೇಳಿಸಿತು. ಇವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಒಂದು ದೊಡ್ಡ ಉಸಿರು ಬಿಟ್ಟು, "ಹಗುರಾತು ನೋಡು," ಎಂದರು. ಯಾರಿಗೆ ಹೇಳಿದರೋ, ನನಗೇ ಇರಬೇಕು.

ಹೊರಗೆ ಬಂದಾಗ ಮೆಟ್ಟಿಲ ತುದಿಯಲ್ಲಿ ನಿಂತು ಎಲ್ಲರ ಎದುರೇ ಕೈ ಚಾಚಿದರು. "ದ್ರೌಪತಿ, ಮೆಟ್ಟಲ ಎಲ್ಲಿ ಅದಾವ ಹೇಳು." ನಾನು ಕೈಹಿಡಿದು ಇಳಿಸಿದೆ. ನನಗೆ ನಾಚಿಕೆ ಆಗಲಿಲ್ಲ, ಇವರಿಗೂ ಆದಂತೆ ಕಾಣಲಿಲ್ಲ.

ಬಸ್ಸಿನಲ್ಲಿ ಮಾತ್ರ ಬಿಡಲಿಲ್ಲ ನಾನು. "ನನಗ್ಯಾಕ ಹೇಳಲಿಲ್ರಿ? ನಾ ಏನ್ ಹೊರಗಿನಾಕಿ ಏನು?"

"ಏನಂತ ಹೇಳ್ಲಿ? ಕುರುಡ ಚಾಂಪಿಯನ್ ಕೈಯಾಗ ಯಾರು ಮೋಟಾರ್ ಕೊಡ್ತಾರ? ಗೆಲ್ಲೂ ತನಕ ಯಾರೂ ಕೇಳಂಗಿಲ್ಲ ಅಂತ ಆಡಾಕತ್ತಿದ್ದೆ."

ಹೌದು, ಇದಕ್ಕೇ. ಆಟದ ಹುಚ್ಚು ಎಂದು ನಾನು ಬೈಯುತ್ತಿದ್ದೆ, ಈ ಮನುಷ್ಯ ಅಂಗಡಿಯ ಬೋರ್ಡು ಬೀಳದ ಹಾಗೆ ಹಿಡಿದುಕೊಂಡು ನಿಂತಿದ್ದರು. ಅಯ್ಯ, ಎಂಥ ಹೆಡ್ಡ ಮನುಷ್ಯ! ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಇವರು ನನ್ನ ಹೆಗಲಿಗೆ ತಲೆ ಆನಿಸಿ ಬಸವಕಲ್ಯಾಣ ಬರುವ ತನಕ ನಿದ್ದೆ ಹೊಡೆದರು.

ಮರುವಾರ ಬೀದರದಲ್ಲಿ ಕಣ್ಣಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಮೋತಿಬಿಂದು, ಅಂದ್ರ ಕಣ್ಣಿನ ಪೊರಿ. ಎರಡೂ ಕಣ್ಣಿನಾಗ ಪೂರಾ ಹಣ್ಣಾಗ್ಯದ. ಆಪರೇಷನ್ ಮಾಡಿದ್ರ ಆತು," ಎಂದರು.

"ಇಷ್ಟ ಏನ್ರಿ?" ಎಂದೆ ನಾನು.

"ಇಷ್ಟ."

ಹೊರಗಿನ ಬೆಂಚಿನ ಮೇಲೆ ಕೂತು ಮನಸಾರೆ ಅತ್ತೆ. ಆಮೇಲೆ ಇವರ ಬೆನ್ನಿಗೆ ಒಂದು ಗುದ್ದಿದೆ. ಒಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಸುಟ್ಟುಕೊಂಡದ್ದು ಒಂದು ಮೋತಿಬಿಂದುವಿಗೆ!

ಒಂದು ಕಣ್ಣಾದ ಮೇಲೆ ಇನ್ನೊಂದು ಕಣ್ಣು. ಕೊನೆಯ ಪಟ್ಟಿ ಬಿಚ್ಚಿದಾಗ ನನ್ನನ್ನು ದಿಟ್ಟಿಸಿ ನೋಡಿ, "ನಿನ್ನ ಕೂದಲ ಇಷ್ಟು ಬೆಳ್ಳಗ ಯಾವಾಗ ಆದ್ವು?" ಎಂದರು.

"ನಿಮ್ಮ ಸಂಬಂಧನ ಆದ್ವು," ಎಂದೆ.

ಆದರೆ ನನ್ನ ನೆಮ್ಮದಿ ಹೆಚ್ಚು ದಿನ ಉಳಿಯಲಿಲ್ಲ. ಶೈಲೇಶ ಬಂದು ಬಾಗಿಲಲ್ಲಿ ನಿಂತ. ಹೋದ ಪಂದ್ಯ ಲೆಕ್ಕಕ್ಕಿಲ್ಲವಂತೆ. ಕಣ್ಣು ಕಾಣದವರನ್ನು ಸೋಲಿಸಿದ್ದು ಯಾವ ಗೆಲುವು, ಈಗ ಮತ್ತೆ ಆಡಲೇಬೇಕಂತೆ. ಗಜಾಲಾಳೂ ಹಾಗೇ ಫೋನ್ ಮಾಡಿದ್ದಳು, ಆಡೂಣು ಬರ್ರಿ ಎಂದು. ಇವರು ಕೋಲಿನ ಚೀಲ ಬಿಚ್ಚಿ ಧೂಳು ಒರೆಸತೊಡಗಿದರು. ಈಗ ನಾನು ಏನೆಂದು ಅಡ್ಡ ಬರಲಿ? ಬೀಳುವ ಹೆದರಿಕೆ ಇಲ್ಲ, ಕಣ್ಣು ಹೊಸದಾಗಿವೆ. ಮತ್ತೆ ಆಡುವ ದಿನ ನಾನು ಮೇಣಬತ್ತಿ ಹಚ್ಚಿದೆ, ಆದರೆ ಏನನ್ನೂ ಬೇಡಲಿಲ್ಲ. ಬೇಡಿ ಒಂದು ಸಲ ಅನುಭವಿಸಿದ್ದು ಸಾಕಾಗಿತ್ತು.

ಹುಮನಾಬಾದದ ಹಾಲಿನಲ್ಲಿ ಮತ್ತೆ ಅದೇ ಜನ, ಮತ್ತೆ ಅದೇ ಕುರ್ಚಿ, ಮತ್ತೆ ಚಹಾ. ಇವರು ಗಜಾಲಾಳಿಗೆ, "ಮೊದಲ ನೀ ಹೊಡಿ. ಉಪಚಾರ ಮಾಡಿದ್ರ ನಿಮ್ಮ ಚಾಚಿ ಬೈತಾಳ," ಎಂದರು.

ಅವಳು ಉಪಚಾರ ಮಾಡಲಿಲ್ಲ. ಮೊದಲ ಹೊಡೆತಕ್ಕೇ ಎರಡು ಬಾಲು ಬಿದ್ದವು. ಟೇಬಲ್ಲಿನ ಸುತ್ತ ಹೆಜ್ಜೆ ಹಾಕುತ್ತ, ನಿಂತು ಯೋಚಿಸದೆ, ಒಂದಾದ ಮೇಲೊಂದು ಕೆಡವುತ್ತ ಹೋದಳು. ಇವರು ಕೋಲಿಗೆ ಗದ್ದ ಆನಿಸಿ ನೋಡುತ್ತಿದ್ದರು. ನಾನು ಆಟ ನೋಡಲಿಲ್ಲ, ಇವರ ಮುಖ ನೋಡಿದೆ. ಇವರಿಗೆ ಎಲ್ಲಿ ನೋವಾದೀತೋ ಎಂದು ನನ್ನ ಜೀವ ಕೈಯಲ್ಲಿತ್ತು. ಇವರ ಬಾಯಿ ಮೆಲ್ಲಗೆ ತೆರೆಯಿತು. ಸಿನಿಮಾ ನೋಡುವವರ ಹಾಗೆ ನೋಡುತ್ತಿದ್ದರು. ಒಂದು ಹೊಡೆತಕ್ಕೆ "ಆಹಾ!" ಎಂದು ತೊಡೆ ತಟ್ಟಿಕೊಂಡರು. ಎದುರಾಳಿ ತಾವೇ ಎಂಬುದು ಮರೆತೇಹೋಗಿತ್ತು.

ಕೊನೆಗೆ ಕಾಳಿ ಉಳಿಯಿತು. ಇವರ ಕೋಲು ಒಂದು ಬಾಲನ್ನೂ ಮುಟ್ಟಿರಲಿಲ್ಲ. ಗಜಾಲಾ ಕೋಲು ಇಳಿಸಿ ನಿಂತಳು.

"ಕಾಳಿ ಹೊಡೀಲೇನ್ರಿ, ಚಾಚಾ?"

ಇವರು ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೊಡಿ ಬೇಟಿ, ಹೊಡಿ! ಇನ್ನ ಮ್ಯಾಲ ನನ್ನ ಕೇಳಬ್ಯಾಡ. ನಿನ್ನ ಕೇಳೂದು ಇನ್ನ ನಮ್ಮ ಪಾಳಿ."

ಬಸ್ ಸ್ಟ್ಯಾಂಡಿಗೆ ನಡೆಯುವಾಗ ನಾನೇ ಹೆದರುತ್ತ ಕೇಳಿದೆ, "ಬ್ಯಾಸರ ಆತೇನ್ರಿ?"

"ಯಾವ ಬ್ಯಾಸರ? ಆಕಿ ಆಟ ನಾ ಇವತ್ತ ಕಣ್ಣಾರೆ ನೋಡ್ದೆ. ನನಗಿಂತ ಚೊಲೋ ಆಡ್ತಾಳ. ಭಾಳ ಚೊಲೋ ಆಡ್ತಾಳ. ಕಾಣದಿದ್ದಾಗ, ಕಣ್ಣೊಂದು ಇದ್ದಿದ್ರ ಗೆಲ್ತಿದ್ದೆ ಅಂತ ಒಂದ್ ಅನುಮಾನ ಇತ್ತು ನೋಡು. ಅದು ಹೋತು. ಇನ್ನ ಭಾನುವಾರ ಹೋಗಿ ಸುಮ್ನ ಒಂದೆರಡ ಆಟ ಆಡಿ ಬರ್ತೀನಿ. ನಡಿಯಂಗಿಲ್ಲೇನು?"

"ನಡೀತದ. ನಾನೂ ಬರ್ತೀನಿ," ಎಂದೆ. ಇಬ್ಬರೂ ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಸ್ಸು ಹತ್ತಿದೆವು.

ಮರುದಿನ ಅಂಗಡಿ ತೆಗೆದು ಇನ್ನೂ ಕಸ ಹೊಡೆದಿರಲಿಲ್ಲ. ಘಾಟಬೋರಾಳದ ರೈತರೊಬ್ಬರು ಸುಟ್ಟ ಮೋಟಾರನ್ನು ಆಟೋದಿಂದ ಇಳಿಸಿ, ಬೋರ್ಡಿನ ಕಡೆ ಕತ್ತೆತ್ತಿ ನೋಡಿದರು. ನನ್ನ ಕೈಯಲ್ಲಿದ್ದ ಕಸಬರಿಗೆ ಹಾಗೇ ನಿಂತಿತು. ಒಂದು ವರ್ಷ ಇವರ ನಿದ್ದೆ ಕೆಡಿಸಿದ್ದ ಪ್ರಶ್ನೆಯನ್ನೇ ಅವರು ಕೇಳಿದರು.

"ಚಾಂಪಿಯನ್ ಅದಾರೇನ್ರಿ?"

ಇವರು ತಂತಿಯ ಸುರುಳಿಯನ್ನು ಬೆಳಕಿಗೆ ಹಿಡಿದು, ತಾವೇ ನಂಬರು ಓದಿಕೊಂಡು, ತಲೆ ಎತ್ತಿದರು.

"ಚಾಂಪಿಯನ್ ಹುಮನಾಬಾದದಾಗ ಅದಾಳ್ರಿ," ಎಂದರು. "ಮೋಟಾರ್ ಇಲ್ಲಿ ಇಡ್ರಿ."